ಕಂತು ನಿಂತರೂ ಬೆಳೆಯದ ಸಾಲ

ಸ್ನೇಹಿತರೇ,

ಕಂತು ತಪ್ಪಿದರೆ ಬಡ್ಡಿ ಬೆಳೆಯುತ್ತದೆ, ಬಡ್ಡಿಗೆ ಚಕ್ರಬಡ್ಡಿ ಸೇರುತ್ತದೆ. ಸಾಲ ಮಾಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಸಾಲಗಾರ ತಡ ಮಾಡಿದಷ್ಟೂ ಬ್ಯಾಂಕು ಆ ತಡಕ್ಕೆ ಹಣ ಕೇಳುತ್ತದೆ. ಬಡ್ಡಿ ಕೂಡದು ಎನ್ನುವ ಇಸ್ಲಾಂ ಧರ್ಮದ ನಿಯಮದಂತೆ ನಡೆಯುವ ಇಸ್ಲಾಮಿಕ್ ಬ್ಯಾಂಕು ಹಾಗೆ ಕೇಳುವಂತಿಲ್ಲ. ಹಾಗಿದ್ದರೆ ಒಂದು ದೇಶದಲ್ಲಿ ಲಕ್ಷಾಂತರ ಜನ ಒಂದೇ ದಿನದಿಂದ ಕಂತು ಕಟ್ಟುವುದನ್ನು ನಿಲ್ಲಿಸಿದರೆ ಅದರ ಪಾಡೇನು? 2020ರಲ್ಲಿ ಮಲೇಷ್ಯಾದಲ್ಲಿ ಹಾಗೇ ಆಯಿತು.

ನಮ್ಮಲ್ಲಿ ಇಸ್ಲಾಮಿಕ್ ಬ್ಯಾಂಕಿಂಗ್ ಇಲ್ಲ. ಆ ಯೋಚನೆಯನ್ನು ಮುಂದುವರಿಸುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಮಲೇಷ್ಯಾದಲ್ಲಿ ಅದು 1983ರಲ್ಲೇ ಶುರುವಾಯಿತು.

ಒಂದು ಲೆಕ್ಕ ನೋಡೋಣ. ನಿಮಗೆ ಕಾರು ಬೇಕು. ಬ್ಯಾಂಕು ಅದನ್ನು 50,000 ರಿಂಗಿಟ್‌ಗೆ (ಮಲೇಷ್ಯಾದ ಹಣ) ಕೊಂಡು ನಿಮಗೆ 60,000ಕ್ಕೆ ಮಾರುತ್ತದೆ. ತಿಂಗಳಿಗೆ 1,000ದಂತೆ 60 ಕಂತು. ಲಾಭ ಎಷ್ಟು ಎಂದು ಮೊದಲೇ ಹೇಳಿರುತ್ತದೆ. ಈ ವ್ಯವಹಾರಕ್ಕೆ ಮುರಾಬಹಾ ಎನ್ನುತ್ತಾರೆ. ಒಮ್ಮೆ ಬೆಲೆ ನಿಗದಿಯಾಯಿತು ಎಂದರೆ ಮುಗಿಯಿತು. ನೀವು ತಡ ಮಾಡಿದರೂ 60,000 ಎನ್ನುವುದು 61,000 ಆಗುವುದಿಲ್ಲ. ತಡದಿಂದ ನಿಜವಾಗಿ ಆದ ನಷ್ಟಕ್ಕೆ ಸ್ವಲ್ಪ ಪರಿಹಾರ ಪಡೆಯಬಹುದು. ಅದಕ್ಕಿಂತ ಜಾಸ್ತಿ ದಂಡ ಹಾಕಿದರೆ ಆ ಹಣ ದಾನಕ್ಕೆ ಹೋಗಬೇಕು, ಬ್ಯಾಂಕಿನ ಗಲ್ಲಾಪೆಟ್ಟಿಗೆಗಲ್ಲ.

ಕೊರೊನಾದಿಂದಾಗಿ 2020ರ ಮಾರ್ಚ್ 18ರಂದು ಮಲೇಷ್ಯಾದಲ್ಲಿ ಓಡಾಟಕ್ಕೆ ನಿರ್ಬಂಧ ಬಂತು. ಏಪ್ರಿಲ್ 1ರಿಂದ ಆರು ತಿಂಗಳು ಜನರೂ ಸಣ್ಣ ಉದ್ದಿಮೆಗಳೂ ಕಂತು ಕಟ್ಟಬೇಕಾಗಿಲ್ಲ ಎಂದು ಅಲ್ಲಿನ ಕೇಂದ್ರ ಬ್ಯಾಂಕ್, ಬ್ಯಾಂಕ್ ನೆಗಾರಾ ಹೇಳಿತು. ಅರ್ಜಿಯೂ ಬೇಕಿರಲಿಲ್ಲ. ಆದರೆ ಏಪ್ರಿಲ್ ಕೊನೆಯ ಹೊತ್ತಿಗೆ ಒಂದು ತೊಡಕು ಕಾಣಿಸಿತು. ವಾಹನ ಸಾಲ ಮತ್ತು ನಿಗದಿತ ದರದ ಇಸ್ಲಾಮಿಕ್ ಸಾಲಗಳ ಒಪ್ಪಂದ ಬದಲಾಗಬೇಕಾದರೆ ಗ್ರಾಹಕರ ಒಪ್ಪಿಗೆ ಬೇಕು, ಮುಂದೂಡಿದ ಅವಧಿಗೆ ಹೆಚ್ಚುವರಿ ಹಣವನ್ನೂ ಕೊಡಬೇಕಾಗಬಹುದು ಎಂಬ ಮಾತು ಬಂತು. ಜನ ಸಿಟ್ಟಾದರು. ಅದು ನ್ಯಾಯವಾದ ಸಿಟ್ಟು ಎಂದೇ ನನಗನಿಸುತ್ತದೆ. ಮೇ ತಿಂಗಳಲ್ಲಿ ಹಣಕಾಸು ಸಚಿವ ತೆಂಕು ಝಫ್ರುಲ್ ಅವರು ಈ ಎರಡು ಬಗೆಯ ಸಾಲಗಳಿಗೆ ಹೆಚ್ಚುವರಿ ಹಣ ಹಾಕುವುದಿಲ್ಲ ಎಂದು ಪ್ರಕಟಿಸಿದರು.

ನಮ್ಮ ಕಾರಿನ ಲೆಕ್ಕಕ್ಕೆ ವಾಪಸ್ ಬನ್ನಿ. 60 ತಿಂಗಳ ಸಾಲ ಈಗ 66 ತಿಂಗಳಿಗೆ ಹೋಯಿತು. ಬರುವ ಮೊತ್ತ ಮಾತ್ರ ಅದೇ 60,000. ತಡವಾಗಿ ಬರುವ ಹಣದ ಇವತ್ತಿನ ಬೆಲೆ ಕಡಿಮೆ. ಆ ಕೊರತೆಯನ್ನು ಬ್ಯಾಂಕು ತಕ್ಷಣವೇ ನಷ್ಟ ಎಂದು ಬರೆದುಕೊಳ್ಳಬೇಕು. ಗ್ರಾಹಕ ಮುಂದೆ ಒಂದು ಕಂತೂ ತಪ್ಪಿಸದೆ ಕಟ್ಟಿದರೂ ಈ ನಷ್ಟ ತಪ್ಪದು. ಸಾಲದ ಅಪಾಯ ಎಂದರೆ ಸಾಲಗಾರ ಕೈ ಎತ್ತುವುದು ಎಂದಷ್ಟೇ ನಾವು ಅಂದುಕೊಂಡಿರುತ್ತೇವೆ. ಇಲ್ಲಿ ಯಾರೂ ಕೈ ಎತ್ತಲಿಲ್ಲ.

ಅದೇ ವರ್ಷ ನಮ್ಮಲ್ಲೂ ಕಂತು ಮುಂದೂಡಿದರು, ಆಗಸ್ಟ್ ಕೊನೆಯವರೆಗೆ. ಆ ಅವಧಿಯ ಚಕ್ರಬಡ್ಡಿ ಕಟ್ಟಬೇಕೇ ಎಂಬ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 2021ರ ಮಾರ್ಚ್‌ನಲ್ಲಿ ಬೇಡ ಎಂದು ತೀರ್ಪಾಯಿತು. ನಮ್ಮಲ್ಲಿ ಕೋರ್ಟು ಹೇಳಬೇಕಾದದ್ದು ಅಲ್ಲಿನ ಇಸ್ಲಾಮಿಕ್ ಸಾಲಗಳಲ್ಲಿ ಮೊದಲಿನಿಂದಲೇ ಇದ್ದ ನಿಯಮ. ದರ ಬದಲಾಗುವ ಮನೆ ಸಾಲಗಳಲ್ಲಿ ಅಸಲಿನ ಮೇಲೆ ಲಾಭ ಸೇರುತ್ತಿತ್ತು ನಿಜ. ಆ ಲಾಭದ ಮೇಲೆ ಮತ್ತೆ ಲಾಭ ಇರಲಿಲ್ಲ.

ನನ್ನನ್ನು ಜಾಸ್ತಿ ಕಾಡುವ ಅಪಾಯ ಇನ್ನೊಂದಿದೆ. ಸಾಲಗಾರ ಕಷ್ಟದಲ್ಲಿದ್ದಾನೆ ಎಂಬುದಕ್ಕೆ ಬ್ಯಾಂಕಿಗೆ ಸಿಗುವ ಮೊದಲ ಸುಳಿವೇ ತಪ್ಪಿದ ಕಂತು. ಎಲ್ಲರ ಕಂತೂ ನಿಂತಾಗ ಆ ಸುಳಿವೇ ಇಲ್ಲ. ಕೆಲಸ ಕಳೆದುಕೊಂಡ ಹೋಟೆಲ್ ನೌಕರ, ಸಂಬಳ ನಿಲ್ಲದ ಸರ್ಕಾರಿ ನೌಕರ, ಇಬ್ಬರೂ ಲೆಕ್ಕದ ಪುಸ್ತಕದಲ್ಲಿ ಒಂದೇ ಥರ ಕಾಣುತ್ತಾರೆ. ವಸೂಲಾಗದ ಸಾಲ ಕಡಿಮೆ ಇದೆ ಎಂದು ಆ ತಿಂಗಳುಗಳ ಅಂಕಿ ನೋಡಿ ನೆಮ್ಮದಿಪಟ್ಟರೆ ಅದು ಸುಳ್ಳು ನೆಮ್ಮದಿ.

ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಸಮಯ ಕೊಡಿ ಎಂದು ಕುರಾನ್‌ನ ಎರಡನೇ ಅಧ್ಯಾಯ ಹೇಳುತ್ತದೆ. ಸಮಯ ಕೊಡಬೇಕಾದರೆ ಕಷ್ಟದಲ್ಲಿರುವವರು ಯಾರು ಎಂದು ಮೊದಲು ಗೊತ್ತಾಗಬೇಕು. ಅದಕ್ಕೆ ಕಂಪ್ಯೂಟರಿನ ಅಂಕಿ ಸಾಲದು, ಗ್ರಾಹಕನಿಗೆ ಫೋನ್ ಮಾಡಿ ವಿಚಾರಿಸಬೇಕು. ಆ ಫೋನ್ ಆರು ತಿಂಗಳು ಮುಗಿದ ಮೇಲಲ್ಲ, ಮೊದಲ ತಿಂಗಳಲ್ಲೇ ಹೋಗಬೇಕಿತ್ತು.