ಬರೆಯದ ನಿಯಮ: ಫೈ ಆಲ್ಫಾ ಸೈ ಎಂಬ ಮನೆಯ ಕಥೆ

ಕೇಳುಗರಿಗೆ ನಮಸ್ಕಾರ.

ಮಗನೋ ಮಗಳೋ ಅಮೆರಿಕದಲ್ಲಿ ಓದುತ್ತಿದ್ದರೆ ನಿಮ್ಮ ಮನೆಯಲ್ಲಿ 'ಫ್ರಟರ್ನಿಟಿ' ಎಂಬ ಮಾತು ಒಮ್ಮೆಯಾದರೂ ಬಂದಿರುತ್ತದೆ. ಸಿನಿಮಾ ನೋಡಿದವರಿಗೆ ಅದು ಕುಡಿತ, ಕೂಗಾಟ, ರ‍್ಯಾಗಿಂಗ್ ಅಷ್ಟೇ. ಅವು ಇಲ್ಲ ಎಂದು ನಾನು ಹೇಳುತ್ತಿಲ್ಲ, ಇವೆ. ಆದರೆ ಈ ಸಂಘಗಳ ಚರಿತ್ರೆಯಲ್ಲಿ ನನಗೆ ಬಹಳ ಮುಖ್ಯ ಅನಿಸುವ ಕಥೆಯೇ ಬೇರೆ. ಮ್ಯಾಸಚೂಸೆಟ್ಸ್ ರಾಜ್ಯದ ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಫೈ ಆಲ್ಫಾ ಸೈ ಎಂಬ ಒಂದು ಫ್ರಟರ್ನಿಟಿ ಇತ್ತು. 1948ರಲ್ಲಿ ಹುಟ್ಟಿತು, 1984ರಲ್ಲಿ ಕಾಲೇಜಿನ ಲೆಕ್ಕದಿಂದ ಹೋಯಿತು. ಇವತ್ತು ಅದರ ಬಗ್ಗೆ ಮಾತಾಡುತ್ತೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಇದನ್ನೇ ಮತ್ತೆ ಮತ್ತೆ ಹೇಳುವವನಿದ್ದೇನೆ. ಬರೆದ ನಿಯಮವನ್ನು ಅಳಿಸಬಹುದು. ಬರೆಯದ ನಿಯಮವನ್ನು ಅಳಿಸುವುದಕ್ಕೆ ಆಗುವುದಿಲ್ಲ, ಅದನ್ನು ಮುರಿಯಬೇಕು. ಅದನ್ನು ಮುರಿದ ಹುಡುಗರ ಕಥೆ ಇದು.

ಫ್ರಟರ್ನಿಟಿ ಅಂದರೆ ಏನು? ನಮ್ಮ ಕಡೆಯ ಹಾಸ್ಟೆಲ್ಲು, ಮೆಸ್ಸು, ಗೆಳೆಯರ ಬಳಗ ಮೂರನ್ನೂ ಒಂದೇ ಸೂರಿನ ಕೆಳಗೆ ಸೇರಿಸಿ, ಅದಕ್ಕೊಂದು ಗುಟ್ಟಿನ ದೀಕ್ಷೆ ಇಟ್ಟರೆ ಹೇಗಿರುತ್ತದೋ ಹಾಗೆ. ಗ್ರೀಕ್ ಅಕ್ಷರಗಳ ಹೆಸರು. ದೇಶದ ಬೇರೆ ಬೇರೆ ಕಾಲೇಜುಗಳಲ್ಲಿ ಶಾಖೆಗಳು. ಮೇಲೆ ಒಂದು ಕೇಂದ್ರ ಸಮಿತಿ. ಆ ಸಮಿತಿ ಕೊಡುವ ಮನ್ನಣೆ ಪತ್ರಕ್ಕೆ ಚಾರ್ಟರ್ ಎನ್ನುತ್ತಾರೆ. ಹೊಸ ಹುಡುಗರನ್ನು ಮೊದಲು 'ಪ್ಲೆಜ್' ಮಾಡಿಸುತ್ತಾರೆ, ಅಂದರೆ ಮಾತು ಕೊಟ್ಟು ಮಾತು ಪಡೆಯುತ್ತಾರೆ. ಕೆಲವು ತಿಂಗಳ ಮೇಲೆ ದೀಕ್ಷೆ. ಅಲ್ಲಿಂದ ಅವನು ಸಾಯುವವರೆಗೂ ಅಣ್ಣತಮ್ಮ. ಇಷ್ಟು ಗೊತ್ತಿದ್ದರೆ ಸಾಕು.

ಆಮ್‌ಹರ್ಸ್ಟ್ ಕಾಲೇಜು 1821ರಷ್ಟು ಹಳೆಯದು. ಚಿಕ್ಕ ಕಾಲೇಜು, ದೊಡ್ಡ ಹೆಸರು. ಆಗ ಅಲ್ಲಿ ಗಂಡುಹುಡುಗರು ಮಾತ್ರ ಓದುತ್ತಿದ್ದರು. ಅವರಲ್ಲಿ ಹೆಚ್ಚಿನವರು ಯಾವುದಾದರೊಂದು ಫ್ರಟರ್ನಿಟಿಯ ಮನೆಯಲ್ಲಿರುತ್ತಿದ್ದರು. ಊಟ, ಆಟ, ಗೆಳೆತನ ಎಲ್ಲ ಆ ಮನೆಯೊಳಗೇ. ಮನೆ ಸಿಗದಿದ್ದವನು ಕಾಲೇಜಿನಲ್ಲಿದ್ದೂ ಹೊರಗಿನವನು. ಇದನ್ನು ಸ್ವಲ್ಪ ಗಮನದಲ್ಲಿಡಿ. ಯಾವುದೋ ಕ್ಲಬ್ಬಿಗೆ ಸೇರಿಸಿಕೊಳ್ಳಲಿಲ್ಲ ಎಂಬ ಸಣ್ಣ ಮಾತಲ್ಲ ಇದು.

ಕಪ್ಪು ಜನಾಂಗದ ಹುಡುಗರು ಆ ಕಾಲೇಜಿನಲ್ಲಿ ಓದುತ್ತಿದ್ದರು, ಕಡಿಮೆ ಸಂಖ್ಯೆಯಲ್ಲಿ. ಚಾರ್ಲ್ಸ್ ಡ್ರೂ ಅವರ ಹೆಸರು ಕೇಳಿದ್ದೀರಾ? ರಕ್ತದ ಪ್ಲಾಸ್ಮಾವನ್ನು ಕೂಡಿಡುವ ವಿದ್ಯೆಯಲ್ಲಿ, ರಕ್ತನಿಧಿಗಳನ್ನು ಕಟ್ಟುವುದರಲ್ಲಿ ದಾರಿ ತೋರಿಸಿದ ವೈದ್ಯ. ಅವರು 1926ರಲ್ಲಿ ಆಮ್‌ಹರ್ಸ್ಟ್‌ನಿಂದ ಪದವಿ ಪಡೆದವರು. ಫುಟ್‌ಬಾಲಿನಲ್ಲಿ, ಓಟದಲ್ಲಿ ಕಾಲೇಜಿಗೆ ಹೆಸರು ತಂದವರು. ಅಂಥವರೂ ಸೇರಿದ್ದು ಒಮೇಗಾ ಸೈ ಫೈ ಎಂಬ ಸಂಘಕ್ಕೆ. ಅದು 1911ರಲ್ಲಿ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ತಾವೇ ಕಟ್ಟಿಕೊಂಡ ಸಂಘ. ಬಿಳಿಯರ ಮನೆಗಳ ಬಾಗಿಲು ಮುಚ್ಚಿದ್ದರಿಂದ ಇವರು ಬೇರೆ ಮನೆ ಕಟ್ಟಿದರು. ಯೆಹೂದಿ ಹುಡುಗರೂ ಹಾಗೆಯೇ ಮಾಡಿದರು. ಅದು ಇನ್ನೊಂದು ದಿನದ ಮಾತು.

ಎರಡನೇ ಮಹಾಯುದ್ಧ ಮುಗಿಯಿತು. ಯುದ್ಧ ಮಾಡಿ ಬಂದವರು ಸರ್ಕಾರದ ಖರ್ಚಿನಲ್ಲಿ ಕಾಲೇಜು ಸೇರಿದರು. ಹಿಟ್ಲರನ ಜನಾಂಗದ ಹುಚ್ಚಿನ ವಿರುದ್ಧ ಹೋರಾಡಿ ಬಂದವನಿಗೆ, ತನ್ನ ಊಟದ ಮನೆಯಲ್ಲಿ ಯಾರು ಕೂರಬಾರದು ಎಂದು ಹೇಳುವುದು ಸುಲಭ ಅಲ್ಲ ನೋಡಿ. ಕಾಲೇಜಿನ ಟ್ರಸ್ಟಿಗಳು ಕೂಡ ಫ್ರಟರ್ನಿಟಿಗಳನ್ನು ಮುಚ್ಚಿಬಿಡೋಣವೇ ಎಂದು ಯೋಚಿಸಿದರು. ಕೊನೆಗೆ ಮುಚ್ಚಲಿಲ್ಲ. ಜನಾಂಗ, ಬಣ್ಣ, ಧರ್ಮದ ಕಾರಣಕ್ಕೆ ಯಾರನ್ನೂ ಹೊರಗಿಡುವ ನಿಯಮ ಇರಬಾರದು ಎಂದು ಹೇಳಿದರು.

ಈಗ ಎಲ್ಲ ಮನೆಗಳೂ ತಮ್ಮ ನಿಯಮದ ಪುಸ್ತಕ ತೆಗೆದು ನೋಡಿದವು. ಕೆಲವು ಸಂಘಗಳು ರಾಜಾರೋಷವಾಗಿ ಬರೆದುಕೊಂಡಿದ್ದವು. ಫೈ ಡೆಲ್ಟಾ ಥೀಟಾ ಎಂಬ ದೊಡ್ಡ ಸಂಘದ ಕಾನೂನಿನಲ್ಲಿ ಸದಸ್ಯ ಬಿಳಿಯನಾಗಿರಬೇಕು, ಪೂರ್ತಿ ಆರ್ಯ ರಕ್ತದವನಾಗಿರಬೇಕು ಎಂದೇ ಇತ್ತು. ಆ ಸಾಲು 1954ರವರೆಗೂ ಹೋಗಲಿಲ್ಲ. ಯುದ್ಧ ಮುಗಿದು ಒಂಬತ್ತು ವರ್ಷ ಆದ ಮೇಲೂ!

ನಮ್ಮ ಕಥೆಯ ಹುಡುಗರು ಇದ್ದದ್ದು ಫೈ ಕಪ್ಪಾ ಸೈ ಎಂಬ ಸಂಘದ ಶಾಖೆಯಲ್ಲಿ. ಆ ಸಂಘದ ಕಾನೂನಿನಲ್ಲಿ ಇಂಥ ಸಾಲು ಇರಲಿಲ್ಲ. ಪುಸ್ತಕ ಶುದ್ಧ. ಈ ಸಂಘ ಹುಟ್ಟಿದ ಬಗೆಯನ್ನೂ ಹೇಳಬೇಕು, ನನಗೆ ಬಹಳ ಇಷ್ಟವಾದ ವಿಷಯ ಅದು. ಪೆನ್ಸಿಲ್ವೇನಿಯಾದ ಕ್ಯಾನನ್ಸ್‌ಬರ್ಗ್ ಎಂಬ ಊರು. ಅಲ್ಲಿನ ಜೆಫರ್ಸನ್ ಕಾಲೇಜಿನಲ್ಲಿ ಟೈಫಾಯ್ಡ್ ಹರಡಿತು. ವಿಲಿಯಂ ಲೆಟರ್ಮನ್, ಚಾರ್ಲ್ಸ್ ಮೂರ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಾಯಿಲೆ ಬಿದ್ದ ಗೆಳೆಯರ ಪಕ್ಕ ರಾತ್ರಿಯೆಲ್ಲ ಕೂತು ಆರೈಕೆ ಮಾಡಿದರು. ಆ ಒಡನಾಟದಿಂದ 1852ರ ಫೆಬ್ರವರಿ 19ರಂದು ಈ ಸಂಘ ಹುಟ್ಟಿತು. ಈ ಲೆಟರ್ಮನ್‌ನ ಅಣ್ಣ ಜೊನಾಥನ್ ಲೆಟರ್ಮನ್ ಸೈನ್ಯದ ವೈದ್ಯ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸಲು ಆಂಬುಲೆನ್ಸ್ ವ್ಯವಸ್ಥೆಯನ್ನು ಕಟ್ಟಿದವನು. ಎಂಥ ಮನೆತನ! ಇನ್ನೊಬ್ಬರ ಸೇವೆಯೇ ದೊಡ್ಡ ಸಂತೋಷ ಎಂದು ಹೇಳಿಕೊಂಡು ಬಂದ ಸಂಘ ಇದು.

ಸರಿ, 1948ಕ್ಕೆ ಬರೋಣ. ಇಲಿನಾಯ್ ರಾಜ್ಯದ ಎವನ್‌ಸ್ಟನ್ ಊರಿನಿಂದ ಥಾಮಸ್ ಗಿಬ್ಸ್ ಎಂಬ ಹುಡುಗ ಆಮ್‌ಹರ್ಸ್ಟ್‌ಗೆ ಬಂದು ಸೇರಿದ್ದ. ಮೊದಲ ವರ್ಷ. ಓಟಗಾರ. ಸಹಪಾಠಿಗಳಿಗೆ ಬೇಕಾದವನು. ಕಪ್ಪು ಹುಡುಗ. ಆ ವಸಂತದಲ್ಲಿ ಫೈ ಕಪ್ಪಾ ಸೈ ಮನೆಯವರು ಅವನನ್ನು ಪ್ಲೆಜ್ ಮಾಡಿಕೊಂಡರು. ಒಳ್ಳೆಯ ಹುಡುಗ, ನಮ್ಮ ಜೊತೆ ಇರಲಿ ಎಂದರು, ಅಷ್ಟೇ.

ಸುದ್ದಿ ಕೇಂದ್ರ ಸಮಿತಿಗೆ ಮುಟ್ಟಿತು. ನಾನು ಹೇಳಿದ ಆ ಬರೆಯದ ನಿಯಮ ಎದ್ದು ನಿಂತಿದ್ದು ಈಗಲೇ. ಪುಸ್ತಕದಲ್ಲಿ ಎಲ್ಲೂ ಇಲ್ಲ, ಆದರೂ ಎಲ್ಲರಿಗೂ ಗೊತ್ತು. ಬೇಡ, ಅವನನ್ನು ಕೈಬಿಡಿ ಎಂಬ ಒತ್ತಡ ಶುರುವಾಯಿತು. ಇಂಥ ಸಂಘಗಳಲ್ಲಿ ಒಂದು ವಾದ ಯಾವಾಗಲೂ ಇರುತ್ತಿತ್ತು. ಒಂದು ಶಾಖೆಯಲ್ಲಿ ಅಣ್ಣತಮ್ಮನಾದವನು ದೇಶದ ಎಲ್ಲ ಶಾಖೆಗಳಲ್ಲೂ ಅಣ್ಣತಮ್ಮ. ನೀವು ಇಲ್ಲಿ ಸೇರಿಸಿಕೊಂಡರೆ ನಾಳೆ ಅವನು ಬಿಳಿ-ಕಪ್ಪು ಭೇದ ಬಿಗಿಯಾಗಿರುವ ದಕ್ಷಿಣದ ರಾಜ್ಯದ ಮನೆಗೆ ಹೋದಾಗ ಅವರೂ ಬಾಗಿಲು ತೆಗೆಯಬೇಕಲ್ಲ, ಅವರ ಗತಿ ಏನು? ಕೇಳಿದರೆ ಸಂಕಟದ ಮಾತಿನಂತೆ ಇದೆ. ನಿಜವಾಗಿ ಅದರ ಅರ್ಥ ಏನು ಗೊತ್ತಾ? ಎಲ್ಲರಿಗಿಂತ ಬಿಗಿಯಾಗಿ ಬಾಗಿಲು ಮುಚ್ಚಿಕೊಂಡವನೇ ಇಡೀ ದೇಶಕ್ಕೆ ನಿಯಮ ಮಾಡುವವನು. ನನಗೆ ಈ ವಾದ ಕೇಳಿದಾಗಲೆಲ್ಲ ತಾಳ್ಮೆ ಕೆಡುತ್ತದೆ.

ಹುಡುಗರು ಏನು ಮಾಡಿದರು? ಅವಸರ ಮಾಡಲಿಲ್ಲ. ದೀಕ್ಷೆಯನ್ನು ಶರತ್ಕಾಲದವರೆಗೆ ಮುಂದೂಡಿದರು. ಈ ನಡುವೆ ಬೇಸಿಗೆ ಬಂತು. ಹಳೆಯ ವಿದ್ಯಾರ್ಥಿಗಳಲ್ಲೇ ಎರಡು ಗುಂಪಾಯಿತು. ಬೆನ್ನು ತಟ್ಟಿದವರಿದ್ದರು, ಮುನಿಸಿಕೊಂಡವರೂ ಇದ್ದರು. ಅದೇ ಬೇಸಿಗೆಯಲ್ಲಿ, ಜುಲೈ 26ರಂದು, ಅಧ್ಯಕ್ಷ ಟ್ರೂಮನ್ ಸೈನ್ಯದಲ್ಲಿ ಬಿಳಿ-ಕಪ್ಪು ಭೇದ ಕೂಡದೆಂದು ಆದೇಶ ಹೊರಡಿಸಿದರು. ಹಿಂದಿನ ವರ್ಷ ಜಾಕಿ ರಾಬಿನ್‌ಸನ್ ಎಂಬ ಕಪ್ಪು ಆಟಗಾರ, ಅಲ್ಲಿಯವರೆಗೆ ಬಿಳಿಯರದೇ ಆಗಿದ್ದ ಬೇಸ್‌ಬಾಲಿನ ದೊಡ್ಡ ಲೀಗಿಗೆ ಕಾಲಿಟ್ಟಿದ್ದರು. ದೇಶ ಅಲ್ಲಾಡುತ್ತಿತ್ತು. ಆದರೆ ಶಾಲೆಗಳಲ್ಲಿ ಭೇದ ಸಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಲು ಇನ್ನೂ ಆರು ವರ್ಷ ಇತ್ತು. 1954ರ ತೀರ್ಪು ಅದು. ಈ ಹುಡುಗರು ಕೋರ್ಟಿಗಿಂತ ಮುಂದೆ ಇದ್ದರು. ಅವರನ್ನು ಯಾರೂ ಬಲವಂತ ಮಾಡಿರಲಿಲ್ಲ. ಸುಮ್ನೆ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕಾಲೇಜು ಕೇಳಿದ್ದು ಬರೆದ ನಿಯಮ ಇರಬಾರದು ಅಂತ. ಬರೆದದ್ದು ಇರಲೇ ಇಲ್ಲವಲ್ಲ!

ಶರತ್ಕಾಲ ಬಂತು. ಮನೆಯವರು ತಮ್ಮ ಮಾತಿಗೆ ನಿಂತರು. ಗಿಬ್ಸ್‌ಗೆ ದೀಕ್ಷೆ ಕೊಡುತ್ತೇವೆ ಎಂದರು. ನವೆಂಬರಿನಲ್ಲಿ ಕೇಂದ್ರ ಸಮಿತಿ ಶಾಖೆಯ ಮನ್ನಣೆಯನ್ನು ತೆಗೆದುಹಾಕಿತು. 1895ರಿಂದ ಇದ್ದ ಶಾಖೆ ಅದು. ಕಾರಣ ಏನು ಕೊಟ್ಟರು ಗೊತ್ತಾ? 'ಭ್ರಾತೃಭಾವಕ್ಕೆ ತಕ್ಕುದಲ್ಲದ ನಡತೆ'. ಕಪ್ಪು ಹುಡುಗನನ್ನು ಸೇರಿಸಿಕೊಂಡಿರಿ ಅದಕ್ಕೆ ಎಂದು ಬಾಯಿಬಿಟ್ಟು ಹೇಳಲು ಅವರ ಹತ್ತಿರ ನಿಯಮ ಇರಲಿಲ್ಲ. ಒಬ್ಬನನ್ನು ತಮ್ಮ ಎಂದು ಕರೆದದ್ದೇ ಭ್ರಾತೃಭಾವಕ್ಕೆ ವಿರುದ್ಧವಾಯಿತು. ಬರೆಯದ ನಿಯಮ ಹೀಗೆಯೇ ಕೆಲಸ ಮಾಡುತ್ತದೆ. ಅದು ತನ್ನ ಹೆಸರು ಹೇಳುವುದಿಲ್ಲ. ಬೇರೆ ಯಾವುದೋ ತಪ್ಪಿನ ಹೆಸರು ಹೇಳುತ್ತದೆ.

ಹುಡುಗರು ಅಲ್ಲಿಗೇ ಬಿಡಲಿಲ್ಲ. ಹೋದರೆ ಹೋಯಿತು ಚಾರ್ಟರ್ ಎಂದು ತಾವೇ ಸ್ವತಂತ್ರ ಸಂಘ ಮಾಡಿಕೊಂಡರು. ಹೆಸರಿನ ನಡುವಿನ 'ಕಪ್ಪಾ' ತೆಗೆದು 'ಆಲ್ಫಾ' ಹಾಕಿದರು. ಫೈ ಕಪ್ಪಾ ಸೈ ಹೋಗಿ ಫೈ ಆಲ್ಫಾ ಸೈ ಆಯಿತು. ಒಂದೇ ಅಕ್ಷರ ಬದಲು. ಥಾಮಸ್ ಗಿಬ್ಸ್ ಅದರ ಸದಸ್ಯನಾದ. ದೇಶದ ಪತ್ರಿಕೆಗಳೆಲ್ಲ ಬರೆದವು. ಎಲ್ಲೋ ಒಂದು ಚಿಕ್ಕ ಕಾಲೇಜಿನ ಊಟದ ಮನೆಯ ವಿಷಯ ದೇಶದ ವಿಷಯ ಆಯಿತು.

ಅವರು ಕಳೆದುಕೊಂಡದ್ದು ಏನು ಎಂದು ಕೇಳುವವರಿದ್ದಾರೆ. ಜಾಸ್ತಿ ಇದೆ. ದೇಶದ ತುಂಬ ಇದ್ದ ಅಣ್ಣತಮ್ಮಂದಿರ ಬಳಗ. ಕೆಲಸ ಹುಡುಕುವಾಗ ಕೈ ಹಿಡಿಯುತ್ತಿದ್ದ ಹಿರಿಯರು. ಐವತ್ತು ವರ್ಷಕ್ಕೂ ಮಿಕ್ಕಿದ ಹೆಸರು. ಇಪ್ಪತ್ತರ ಆಸುಪಾಸಿನ ಹುಡುಗರು ಇದನ್ನೆಲ್ಲ ಬಿಟ್ಟರು, ಒಬ್ಬ ಗೆಳೆಯನಿಗೆ ಕೊಟ್ಟ ಮಾತಿಗಾಗಿ. ಮತ್ತೆ ಹೇಳುತ್ತೇನೆ, ಬರೆಯದ ನಿಯಮವನ್ನು ಯಾವ ಟ್ರಸ್ಟಿಯೂ ಅಳಿಸಲಾರ. ಯಾರಾದರೂ ಒಬ್ಬ ಮನುಷ್ಯನ ಹೆಸರು ಹಿಡಿದು ಒಳಗೆ ಬಾ ಎಂದು ಕರೆಯಬೇಕು. ಆಗ ಮಾತ್ರ ಅದು ಮುರಿಯುತ್ತದೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಈ ಗಲಾಟೆ ಆದ ಮೇಲೆ ಬೇರೆ ಕಡೆಯೂ ಪ್ರಶ್ನೆ ಎದ್ದಿತು. 1953ರಲ್ಲಿ ನ್ಯೂಯಾರ್ಕ್ ರಾಜ್ಯದ ವಿಶ್ವವಿದ್ಯಾಲಯವು ರಾಷ್ಟ್ರಮಟ್ಟದ ಸಂಘಗಳಿಗೆ ಸೇರಿದ ಇಂಥ ಶಾಖೆಗಳನ್ನೇ ನಿಷೇಧಿಸಿತು. ಸಂಘಗಳು ಕೋರ್ಟಿಗೆ ಹೋಗಿ ಸೋತವು. ಅದೇ ಕಾಲದಲ್ಲಿ ನಾನು ಆಗಲೇ ಹೇಳಿದ ಫೈ ಡೆಲ್ಟಾ ಥೀಟಾ, ಯೆಹೂದಿ ಹುಡುಗರನ್ನು ಸೇರಿಸಿಕೊಂಡ ಕಾರಣಕ್ಕೆ ವಿಲಿಯಮ್ಸ್ ಕಾಲೇಜಿನ ತನ್ನ ಶಾಖೆಯನ್ನು ಅಮಾನತು ಮಾಡಿತು. ಮುಂದೆ 1960ರ ದಶಕದಲ್ಲಿ ವಿಲಿಯಮ್ಸ್ ಕಾಲೇಜು ಫ್ರಟರ್ನಿಟಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂತು.

ಆಮ್‌ಹರ್ಸ್ಟ್‌ನಲ್ಲಿ ಅವು ಇನ್ನೂ ಸ್ವಲ್ಪ ಕಾಲ ಉಳಿದವು. 1970ರ ದಶಕದ ನಡುವೆ ಕಾಲೇಜಿಗೆ ಹೆಣ್ಣುಮಕ್ಕಳು ಬಂದರು. ಗಂಡುಹುಡುಗರಿಗಾಗಿ ಕಟ್ಟಿದ ಮನೆಗಳ ಸುತ್ತಲೇ ಕಾಲೇಜಿನ ಬದುಕು ನಡೆಯುತ್ತಿದ್ದರೆ ಅವರ ಜಾಗ ಎಲ್ಲಿ? ಕೆಲವು ಮನೆಗಳು ಅವರನ್ನೂ ಸೇರಿಸಿಕೊಂಡವು. ಅದು ಸಾಲಲಿಲ್ಲ. 1984ರ ಫೆಬ್ರವರಿಯಲ್ಲಿ ಟ್ರಸ್ಟಿಗಳು ಎಲ್ಲ ಫ್ರಟರ್ನಿಟಿಗಳನ್ನೂ ರದ್ದು ಮಾಡಿದರು. ವಿದ್ಯಾರ್ಥಿಗಳು ಪ್ರತಿಭಟಿಸಿದರು, ನಿರ್ಧಾರ ಬದಲಾಗಲಿಲ್ಲ. ಆ ಬೇಸಿಗೆಗೆ ಫೈ ಆಲ್ಫಾ ಸೈ ಕೂಡ ಹೋಯಿತು. ಕೆಲವು ಸಂಘಗಳು ಕ್ಯಾಂಪಸ್ಸಿನ ಹೊರಗೆ ಗುಟ್ಟಾಗಿ ನಡೆದವು. 2014ರಲ್ಲಿ ಕಾಲೇಜು ಅದಕ್ಕೂ ತಡೆ ಹಾಕಿತು.

ಈ ರದ್ದತಿ ತಪ್ಪು ಎಂದು ನಾನು ವಾದಿಸುವುದಿಲ್ಲ. ಹೆಣ್ಣುಮಕ್ಕಳ ಕಡೆಯಿಂದ ನೋಡಿದರೆ ಟ್ರಸ್ಟಿಗಳಿಗೆ ಬೇರೆ ದಾರಿ ಇರಲಿಲ್ಲ. ಆದರೆ 'ಫ್ರಟರ್ನಿಟಿಗಳೆಲ್ಲ ಒಂದೇ, ಹೋದದ್ದೇ ಒಳ್ಳೆಯದಾಯಿತು' ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬಾಗಿಲು ತೆರೆದದ್ದಕ್ಕೇ ಶಿಕ್ಷೆ ಪಡೆದ ಮನೆಯನ್ನೂ, ಬಾಗಿಲು ಮುಚ್ಚಿಕೊಂಡೇ ಗೌರವ ಪಡೆದ ಮನೆಯನ್ನೂ ಒಂದೇ ಸಾಲಿನಲ್ಲಿ ಬರೆಯಬಾರದು.

ಇನ್ನೊಂದು ಮಾತು. ಫೈ ಕಪ್ಪಾ ಸೈ ಸಂಘ ಇವತ್ತೂ ಇದೆ. ಅದರಲ್ಲಿ ಈಗ ಎಲ್ಲ ಜನಾಂಗದ ಹುಡುಗರೂ ಇದ್ದಾರೆ. ನಮ್ಮ ಭಾರತದ ಮಕ್ಕಳಿಗೂ ಇಂಥ ಸಂಘಗಳಿಂದ ಕರೆ ಬರುತ್ತದೆ. ಬಂದಾಗ ಅಪ್ಪ ಅಮ್ಮ ಫೋನಿನಲ್ಲಿ ಕೇಳುವುದು ಬಾಡಿಗೆ ಎಷ್ಟು, ಊಟ ಏನು, ಕುಡಿತ ಇದೆಯಾ ಅಂತ. ಅವನ್ನು ಖಂಡಿತ ಕೇಳಿ. ಅದರ ಜೊತೆಗೆ ಆ ಮನೆಯಲ್ಲಿ ಈಗ ಯಾರು ಯಾರು ಇದ್ದಾರೆ, ಕಳೆದ ವರ್ಷ ಯಾರನ್ನು ಸೇರಿಸಿಕೊಂಡರು ಅಂತಲೂ ಕೇಳಿ. ನಿಯಮದ ಪುಸ್ತಕ ಓದಿ ಹೇಳು ಅನ್ನಬೇಡಿ. ಅದರಲ್ಲಿ ಎಲ್ಲ ಚೆನ್ನಾಗಿಯೇ ಬರೆದಿರುತ್ತದೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.