ಮೊದಲ ಕಪ್ಪು, ಕೊನೆಯ ಕಪ್ಪು

ಎಲ್ಲರಿಗೂ ಶರಣು. ಬಿಸಿಲು ಜಾಸ್ತಿ ಇದೆ, ಫ್ಯಾನಿನ ಕೆಳಗೆ ಕೂತವರು ದಯವಿಟ್ಟು ನಿದ್ದೆ ಮಾಡಬೇಡಿ. ಇವತ್ತಿನ ವಿಷಯ ಕೆಲಸ ಮುಂದೂಡುವುದು. ಈ ಉಪನ್ಯಾಸ ಬರೆಯಲು ನಾನು ಕೂತಿದ್ದೇ ನಿನ್ನೆ ರಾತ್ರಿ ಹನ್ನೊಂದಕ್ಕೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮುಂದೂಡುವವರನ್ನು ನಾವು ಸುಮ್ನೆ ಸೋಮಾರಿ ಅಂದುಬಿಡುತ್ತೇವೆ. ಸೋಮಾರಿ ಹಾಯಾಗಿ ಮಲಗುತ್ತಾನೆ ಸ್ವಾಮಿ, ಮುಂದೂಡುವವನಿಗೆ ನಿದ್ದೆಯೇ ಬರುವುದಿಲ್ಲ! ಟಿಮೊಥಿ ಪಿಚಿಲ್, ಫ್ಯೂಶಿಯಾ ಸಿರೋಯಿಸ್ ಅನ್ನುವ ಮನಶ್ಶಾಸ್ತ್ರಜ್ಞರು 2013ರಲ್ಲಿ ಬರೆದದ್ದೂ ಇದರ ಆಸುಪಾಸಿನ ಮಾತೇ. ಕೆಲಸ ನೆನೆದರೆ ಕಸಿವಿಸಿ ಆಗುತ್ತದೆ, ಆ ಕಸಿವಿಸಿಯಿಂದ ಸದ್ಯಕ್ಕೆ ತಪ್ಪಿಸಿಕೊಳ್ಳಲು ಕೆಲಸವನ್ನೇ ಆಚೆ ಇಡುತ್ತೇವೆ.

ನನ್ನದೇ ಕಥೆ ಹೇಳುತ್ತೇನೆ. ಹತ್ತು ಪುಟದ ಒಂದು ವರದಿ, ಮೂರು ವಾರ ಟೈಮ್. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ 'ನುಡಿ' ತಂತ್ರಾಂಶ ತೆರೆದೆ, ಫಾಂಟ್ ಬದಲಿಸಿದೆ, ಅಂಚು ಸರಿಮಾಡಿದೆ, ಮೊದಲ ಸಾಲನ್ನು ಬರೆದೆ, ಅಳಿಸಿದೆ, ಮತ್ತೆ ಬರೆದೆ, ಹೀಗೆ ಹದಿನೆಂಟು ದಿನ ಕಳೆದರೂ ಪುಟ ಒಂದೇ. ಉಳಿದ ಒಂಬತ್ತನ್ನು ಮೂರು ರಾತ್ರಿಯಲ್ಲಿ ಗೀಚಿದೆ. ಸಾಹೇಬರು ಕೊನೆಯ ಕೋಷ್ಟಕ ಒಂದನ್ನು ನೋಡಿ ಸಹಿ ಹಾಕಿದರು, ಅಷ್ಟೇ.

ನಾವು ಬೀದರಿನವರು, ಕಪ್ಪು ಲೋಹದಲ್ಲಿ ಬೆಳ್ಳಿಯ ಚಿತ್ತಾರ ಕೂರಿಸುವ ಬಿದರಿ ಕೆಲಸ ನೋಡಿರುತ್ತೀರಿ ಅಲ್ವಾ? ಸತು ಜಾಸ್ತಿ, ತಾಮ್ರ ಸ್ವಲ್ಪ, ಸುಮಾರು 16ಕ್ಕೆ 1. ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತಿನ, ಅಂದರೆ ಕಾಪರ್ ಸಲ್ಫೇಟಿನ, ನೀರು ಸವರಿ ಕಪ್ಪು ಮಾಡುತ್ತಾರೆ. ಇದು ನಾವು ಅಂಗಡಿಯಲ್ಲಿ ನೋಡುವ ಕಪ್ಪಲ್ಲ. ಗೀಚಿದ ಚಿತ್ತಾರ ಕಣ್ಣಿಗೆ ಕಾಣಲಿ ಅಂತ ಹಾಕಿದ ಕಪ್ಪು, ಆಮೇಲೆ ಉಜ್ಜಿದರೆ ಹೋಗುತ್ತದೆ. ಅದು ಹೊಳೆಯಲಿಲ್ಲ ಅಂತ ಯಾವ ಕುಶಲಕರ್ಮಿಯೂ ತಲೆ ಕೆಡಿಸಿಕೊಳ್ಳುವುದಿಲ್ಲ. ಉಳಿಯಿಂದ ಕೆತ್ತಿ, ಬೆಳ್ಳಿ ತಂತಿ ಬಡಿದು ಕೂರಿಸಿ, ಮತ್ತೆ ಉಜ್ಜುತ್ತಾರೆ. ಆಗ ನೋಡಬೇಕು, ಬೆಳ್ಳಿಯೂ ಲೋಹವೂ ಹೆಚ್ಚುಕಡಿಮೆ ಒಂದೇ ಬಣ್ಣ, ಅಷ್ಟು ದಿನದ ಕೆಲಸ ಎಲ್ಲಿ ಹೋಯಿತು ಅನಿಸುತ್ತದೆ. ಕೊನೆಗೆ ಬಿಸಿ ಮಾಡಿ, ಕೋಟೆಯ ಮಣ್ಣಿಗೆ ನವಸಾಗರ ಕಲಸಿ ತಿಕ್ಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ನಾವು ಮಾಡುವ ಎಡವಟ್ಟು ಏನು? ಮೊದಲ ಕರಡಿಗೇ ಕೊನೆಯ ಅಂದ ಬೇಕು, ಅಂದರೆ ಮೈಲುತುತ್ತು ಹಚ್ಚುವಾಗಲೇ ಕೋಟೆ ಮಣ್ಣಿನ ಕಪ್ಪು ಬೇಕು ಅನ್ನುತ್ತೇವೆ. ಅದೂ ದಾಟಿದರೆ, ಏನೂ ಕಾಣದ ಆ ನಡುವಿನ ಹೊತ್ತಿನಲ್ಲಿ ಇದು ಸರಿಬರಲ್ಲ ಅಂತ ಕೈಬಿಡುತ್ತೇವೆ. ನನ್ನ ಎಷ್ಟೋ ಫೈಲುಗಳು ಸತ್ತಿದ್ದು ಅಲ್ಲೇ.

ಹಾಗಂತ ಎಲ್ಲದಕ್ಕೂ 'ನಡೀತದ ಬಿಡ್ರಿ' ಅನ್ನಬೇಡಿ. ಉಳಿಯ ಏಟು ಜಾರಿದರೆ ಹೂಜಿ ಕೆಟ್ಟಂತೆ. ಸಂಬಳದ ಬಿಲ್ಲು, ಔಷಧದ ಅಳತೆ, ಇಲ್ಲೆಲ್ಲ ಹಟ ಇರಲೇಬೇಕು. ಸುತ್ತೋಲೆಯ ಅಂಚಿಗೆ ಅಷ್ಟು ಹಟ ಯಾಕೆ?

ಈಗ ನನ್ನ ಪ್ರತಿ ಕೆಲಸದ ಮೊದಲ ಫೈಲಿಗೆ 'ಮೈಲುತುತ್ತು' ಅಂತಲೇ ಹೆಸರಿಡುತ್ತೇನೆ. ನಗಬೇಡಿ. ಆ ಹೆಸರು ಕಂಡರೆ ಕೆಟ್ಟದಾಗಿ ಬರೆಯಲು ಧೈರ್ಯ ಬರುತ್ತದೆ. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು 25 ನಿಮಿಷ ಕೂರುವ ಪದ್ಧತಿ ಮಾಡಿದರು. ನಮ್ಮ ಆಫೀಸಿನಲ್ಲಿ ಚಹಾ ತರುವ ಹುಡುಗನೇ ನನ್ನ ಟೈಮರ್. ಅವನು ಮತ್ತೆ ಬರುವತನಕ ಅಳಿಸುವ ಕೀಲಿ ಮುಟ್ಟುವುದಿಲ್ಲ.

ಅಂದಹಾಗೆ, ಈ ಭಾಷಣ ಇನ್ನೂ 'ಮೈಲುತುತ್ತು' ಫೈಲಿನಲ್ಲೇ ಇದೆ. ಪ್ರಶ್ನೆ ಇದ್ದವರು ಕೇಳಿ, ಚಹಾ ಬರುತ್ತಿದೆ.