ಸಿರಿಂಜಿನ ಸೂಜಿಯಿಲ್ಲದೆ ಒಳಹೋಗುವ ಪ್ರೋಟೀನ್ ಮದ್ದು

ಕೇಳುಗರಿಗೆ ನಮಸ್ಕಾರ.

ಇನ್ಸುಲಿನ್ ಒಂದು ಪ್ರೋಟೀನ್. ನುಂಗಿದರೆ ತಿಂದ ಊಟದ ಹಾಗೆ ಅದೂ ಜೀರ್ಣವಾಗಿಬಿಡುತ್ತದೆ. ನಿಕೋಟಿನ್ ಪಟ್ಟಿಯಂತೆ ಮೈಗೆ ಅಂಟಿಸಿದರೆ? ಅದೂ ನಡೆಯದು. ಚರ್ಮದ ಹೊರಪದರ ಬರೀ 10ರಿಂದ 20 ಮೈಕ್ರೋಮೀಟರ್ ದಪ್ಪ. ಆದರೆ ಅಲ್ಲಿ ಸತ್ತ ಕೋಶಗಳು ಇಟ್ಟಿಗೆಯಂತೆ, ಅವುಗಳ ನಡುವಿನ ಕೊಬ್ಬು ಗಾರೆಯಂತೆ ಕೂತಿವೆ. ಸುಮಾರು 500 ಡಾಲ್ಟನ್‌ಗಿಂತ (ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ) ಭಾರವಾದ ಅಣು ಆ ಗೋಡೆ ದಾಟುವುದು ಬಲು ಕಷ್ಟ. ನಿಕೋಟಿನ್ 162 ಡಾಲ್ಟನ್, ಇನ್ಸುಲಿನ್ ಸುಮಾರು 5,800.

ಸೂಜಿಯಿಲ್ಲದ ಜೆಟ್ ಇಂಜೆಕ್ಟರ್ ಎಂಬ ಉಪಕರಣ ಮದ್ದನ್ನು ಸೆಕೆಂಡಿಗೆ 100 ಮೀಟರಿಗೂ ಮೀರಿದ ವೇಗದಲ್ಲಿ ಚಿಮ್ಮಿಸಿ ಈ ಗೋಡೆಯನ್ನು ಭೇದಿಸುತ್ತದೆ. ಒಂದೇ ಮೂತಿಯನ್ನು ಹಲವರಿಗೆ ಬಳಸಿ ಹೆಪಟೈಟಿಸ್ ಬಿ ಹರಡಿದ್ದೂ ಉಂಟು. ಒಬ್ಬರಿಗೆ ಒಂದು ಮೂತಿ, ಇದರಲ್ಲಿ ರಾಜಿ ಸಲ್ಲದು.

ನನಗೆ ಹೆಚ್ಚು ಭರವಸೆಯಿರುವುದು ಕರಗುವ ಸೂಕ್ಷ್ಮಮೊನೆಗಳ ಪಟ್ಟಿಯ ಮೇಲೆ. ಮೈಗೆ ಅಂಟಿಸಿದಾಗ ಅದರ ಪುಟ್ಟ ಮೊನೆಗಳು ಚರ್ಮದೊಳಗೆ ಇಳಿದು, ಕರಗಿ, ಮದ್ದನ್ನು ಬಿಡುತ್ತವೆ. ಸಿಲಿಕೋನ್ ಅಚ್ಚಿನ ಗುಳಿಗಳಿಗೆ ಪ್ರೋಟೀನ್, ಟ್ರೆಹಲೋಸ್ ಸಕ್ಕರೆ ಮತ್ತು ನೀರಲ್ಲಿ ಕರಗುವ ಹೈಯಲುರಾನಿಕ್ ಆಮ್ಲ ಎಂಬ ಪಾಲಿಮರ್ ಬೆರೆತ ದ್ರಾವಣ ಸುರಿಯುತ್ತಾರೆ. ನಿರ್ವಾತದಲ್ಲಿಟ್ಟು ಗಾಳಿಗುಳ್ಳೆ ಹೊರಡಿಸುತ್ತಾರೆ. ಒಂದು ಗುಳ್ಳೆ ಉಳಿದರೂ ಆ ಮೊನೆ ಮೊಂಡು. ಮೇಲೆ ಉಳಿದ ದ್ರಾವಣವನ್ನು ಒರೆಸಿ, ಹೆಚ್ಚು ಕಾಯಿಸದೆ ಒಣಗಿಸಿ, ಮದ್ದಿಲ್ಲದ ಎರಡನೇ ಪದರ ಹಾಕುತ್ತಾರೆ. ಆ ಪದರ ತೀರಾ ನೀರಾಗಿದ್ದರೆ ಮೊನೆಯಲ್ಲಿದ್ದ ಮದ್ದು ಬುಡಕ್ಕೆ ಹರಡುತ್ತದೆ, ಬುಡ ಚರ್ಮದೊಳಗೆ ಹೋಗುವುದೇ ಇಲ್ಲ. ಸಕ್ಕರೆಯನ್ನು ಸುಮ್ಮನೆ ಹಾಕುವುದಲ್ಲ: ನೀರು ಆರುವಾಗ ಪ್ರೋಟೀನಿನ ಮಡಿಚಿದ ಆಕಾರ ಕೆಡದಂತೆ ಕಾಯುವುದು ಅದೇ.

ಒಂದು ಲೆಕ್ಕ ಹೇಳುತ್ತೇನೆ. 300 ಮೈಕ್ರೋಮೀಟರ್ ಅಗಲದ ಚೌಕ ಬುಡ, 600 ಎತ್ತರದ ಪಿರಮಿಡ್ ಮೊನೆಯಲ್ಲಿ ಹಿಡಿಸುವುದು 18 ನ್ಯಾನೋಲೀಟರ್. ನೂರು ಮೊನೆಗೆ 1.8 ಮೈಕ್ರೋಲೀಟರ್, ಅಷ್ಟೂ ಜಾಗದಲ್ಲಿ ಒಣ ಪದಾರ್ಥವೇ ತುಂಬಿದ್ದರೂ ಎರಡು ಮಿಲಿಗ್ರಾಂ ಚಿಲ್ಲರೆ, ಅದರಲ್ಲೂ ಒಂದಷ್ಟು ಪಾಲು ಸಕ್ಕರೆ. ಹತ್ತು ಯೂನಿಟ್ ಇನ್ಸುಲಿನ್ ಎಂದರೆ ಸುಮಾರು 0.35 ಮಿಲಿಗ್ರಾಂ, ಅದು ಹಿಡಿಸುತ್ತದೆ. 40 ಮಿಲಿಗ್ರಾಂ ಬೇಕಾದ ಆ್ಯಂಟಿಬಾಡಿ ಹಿಡಿಸದು.

ಅಂಟಿಸುವಾಗಲೂ ಎಡವಟ್ಟಾಗುತ್ತದೆ. ಚರ್ಮ ರಬ್ಬರಿನಂತೆ ತಗ್ಗಿ ಒತ್ತಡವನ್ನು ನುಂಗುತ್ತದೆ. 600 ಮೈಕ್ರೋಮೀಟರ್ ಮೊನೆ ಪೂರ್ತಿ ಇಳಿಯುವುದಿಲ್ಲ. ಬೆರಳ ಒತ್ತಡ ಒಬ್ಬೊಬ್ಬರದು ಒಂದೊಂದು ಬಗೆ, ಆದ್ದರಿಂದ ಸ್ಪ್ರಿಂಗ್ ಇರುವ ಒತ್ತುಗ ಮೇಲು. ಪಟ್ಟಿಯ ಪೊಟ್ಟಣದೊಳಗೆ ತೇವ ಹೀರುವ ಪುಡಿ ಇರಲೇಬೇಕು, ಗಾಳಿಯ ತೇವ ಕುಡಿದ ಮೊನೆ ಚುಚ್ಚುವ ಬದಲು ಬಾಗುತ್ತದೆ.

ಹೇಳಿದಷ್ಟು ಹೊತ್ತು ಇಟ್ಟು ತೆಗೆದ ಪಟ್ಟಿಯನ್ನು ಭೂತಗನ್ನಡಿಯಲ್ಲಿ ನೋಡಿ. ಮೊನೆ ಕರಗಿ ಬುಡವಷ್ಟೇ ಉಳಿದಿದ್ದರೆ ಸರಿ. ಚೂಪು ಹಾಗೇ ಇದ್ದರೆ ಆ ಡೋಸ್ ಒಳಗೆ ಹೋಗಿಲ್ಲ.